ಮೀನಿನ ಪಟ್ಟಿಯಲ್ಲಿ ಮುಳುಗಿದ ಓದುಕೂಟ

ಪ್ರಶ್ನೆ: ಟೀಚರೇ, ನಮ್ಮದು ಕುಂಬಳೆಯಿಂದ ಒಳಗೆ, ಸೀತಾಂಗೋಳಿ ಕಡೆಯ ಒಂದು ಸಣ್ಣ ವಾಚನಾಲಯ. ಈ ಮಳೆಗಾಲ ಹನ್ನೆರಡು ಮಂದಿ ಸೇರಿ ಶನಿವಾರ ಸಂಜೆ ಓದುಕೂಟ ಶುರು ಮಾಡಿದೆವು. ಕತೆ, ಕವನ ಆಯಿತು, ಏನಾದರೂ ಬೇರೆ ಓದೋಣ ಎಂದು ಜೂಲ್ಸ್ ವರ್ನ್‌ನ ‘ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ’ ಕಾದಂಬರಿ ಹಿಡಿದೆವು. ಕೆಲವರು ಮೊಬೈಲಿನಲ್ಲಿ ಇಂಗ್ಲಿಷ್ ಓದುತ್ತಾರೆ, ಇಬ್ಬರ ಕೈಯಲ್ಲಿ ಮಕ್ಕಳಿಗೆಂದು ಚಿಕ್ಕದಾಗಿ ಸಂಗ್ರಹಿಸಿದ ಹಳೆಯ ಕನ್ನಡ ಪುಸ್ತಕ, ಪ್ಲಸ್ ಟು ಹುಡುಗರಿಬ್ಬರಿಗೆ ಮಲಯಾಳಂ ಪುಸ್ತಕ. ಈಗ ಬರುವವರು ಐದೇ ಮಂದಿ. ಮೀನಿನ ಹೆಸರುಗಳ ಪಟ್ಟಿ ಬಂದ ಕೂಡಲೇ ಎಲ್ಲರಿಗೂ ಆಕಳಿಕೆ. ವಿಜ್ಞಾನದ ಮಾಷ್ಟ್ರು “ಇದರಲ್ಲಿರುವ ವಿಜ್ಞಾನವೇ ತಪ್ಪು, ಮಕ್ಕಳಿಗೆ ಯಾಕೆ?” ಎನ್ನುತ್ತಾರೆ. ನಿವೃತ್ತ ಪೋಸ್ಟ್ ಮಾಸ್ಟರೊಬ್ಬರು “ಸಬ್‌ಮರೀನ್ ಬರುವ ಮೊದಲೇ ಭವಿಷ್ಯ ನುಡಿದ ಮಹಾತ್ಮ” ಎಂದು ವಾದಿಸುತ್ತಾರೆ. ಹೋದ ವಾರ ಯಾರೋ, ಕತೆಯ ಸಬ್‌ಮರೀನಿನ ಒಡೆಯನ ಬಗ್ಗೆ, “ಕ್ಯಾಪ್ಟನ್ ನೆಮೊ ಟಿಪ್ಪುವಿನ ಸೋದರಳಿಯನಂತೆ” ಎಂದರು. ಅಲ್ಲಿಗೆ ಪುಸ್ತಕ ಮುಚ್ಚಿ ಟಿಪ್ಪು ಚರ್ಚೆ, ಮಾತಿಗೆ ಮಾತು ಬೆಳೆದು ಇಬ್ಬರು ಎದ್ದು ಹೋದರು. ಕಾದಂಬರಿ ಬಿಟ್ಟುಬಿಡುವುದೋ, ಸಂಗ್ರಹವನ್ನೇ ಓದಿ ಮುಗಿಸುವುದೋ? ಕುಂಬಳೆ ಕಡಪ್ಪುರದಿಂದ ಬರುವ, ಮೊದಲು ದೋಣಿಗೆ ಹೋಗುತ್ತಿದ್ದ ಒಬ್ಬ ಅಣ್ಣ ಮಾತ್ರ ಒಂದು ವಾರವೂ ತಪ್ಪಿಸಿಲ್ಲ. ಅವರು ಮಾತೇ ಆಡುವುದಿಲ್ಲ.

ಉತ್ತರ: ಪುಸ್ತಕ ಕಷ್ಟದ್ದಾಯಿತು, ನಮ್ಮವರಿಗೆ ಹೊಂದಲಿಲ್ಲ ಎಂಬುದು ನಿಮ್ಮ ಚಿಂತೆ. ನೀವು ಬರೆದದ್ದನ್ನು ಎರಡು ಸಲ ಓದಿದ ಮೇಲೆ ನನಗೆ ಕಂಡದ್ದು ಬೇರೆ. ನಿಮ್ಮ ಕೂಟದಲ್ಲಿ ಮೂರು ಬೇರೆ ಬೇರೆ ಪುಸ್ತಕಗಳ ಓದು ನಡೆದಿದೆ, ಆದರೆ ಹನ್ನೆರಡು ಮಂದಿಗೂ ಒಂದೇ ಕೆಲಸ: ಓದಿಕೊಂಡು ಬಂದು ಅಭಿಪ್ರಾಯ ಹೇಳುವುದು. ಇದು ತಿರುಗಬೇಕು. ಪುಸ್ತಕ ಒಂದೇ ಇರಲಿ, ಕೆಲಸ ಒಬ್ಬೊಬ್ಬರಿಗೆ ಒಂದೊಂದು ಇರಲಿ. ಕಾಲೇಜಿನಲ್ಲೂ ಹೊರಗೂ ನಾನು ನಡೆಸಿದ ಕೂಟಗಳಲ್ಲಿ ಮುರಿದುಬಿದ್ದವು ಹೆಚ್ಚಾಗಿ ಈ ಕಾರಣಕ್ಕೇ ಮುರಿದಿವೆ. ದಪ್ಪ ಪುಸ್ತಕಕ್ಕೆ ಹೆದರಿ ಮುರಿದದ್ದು ಕಡಿಮೆ.

ಮೊದಲು ಪುಸ್ತಕದ ವಿಷಯ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ಇಂಗ್ಲಿಷ್ ಪ್ರತಿಗಳಲ್ಲಿ ಎರಡು ಬಗೆ. ಒಂದು, 1870ರ ದಶಕದ ಆರಂಭದಲ್ಲಿ ಲೂಯಿಸ್ ಮರ್ಸಿಯರ್ ಎಂಬ ಪಾದ್ರಿ ಮಾಡಿದ್ದು. ಅದರಲ್ಲಿ ಫ್ರೆಂಚ್ ಮೂಲದ ಐದನೇ ಒಂದಕ್ಕೂ ಹೆಚ್ಚು ಭಾಗ ಬಿಟ್ಟುಹೋಗಿದೆ. ಅಂಕಿಸಂಖ್ಯೆಗಳು ಕೆಲವು ಕಡೆ ಎಡವಟ್ಟಾಗಿವೆ. ಇನ್ನೊಂದು ಎಫ್. ಪಿ. ವಾಲ್ಟರ್ ಅವರದು, 1990ರ ದಶಕದ್ದು, ಪೂರ್ತಿ ಇದೆ. ಎರಡೂ, ಪುಸ್ತಕಗಳನ್ನು ಪುಕ್ಕಟೆ ಹಂಚುವ ಜಾಲತಾಣವಾದ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಸಿಗುತ್ತವೆ. ಗುರುತು ಹಿಡಿಯುವುದು ಸುಲಭ: ಮೊದಲ ಅಧ್ಯಾಯದ ತಲೆಬರಹ ‘ಎ ಶಿಫ್ಟಿಂಗ್ ರೀಫ್’ ಎಂದಿದ್ದರೆ ಹಳೆಯದು, ‘ಎ ರನ್‌ಅವೇ ರೀಫ್’ ಎಂದಿದ್ದರೆ ವಾಲ್ಟರ್. ನಿಮ್ಮ ವಿಜ್ಞಾನದ ಮಾಷ್ಟ್ರ ಕೈಯಲ್ಲಿರುವುದು ಹಳೆಯದಾದರೆ ಅವರು ಹಿಡಿಯುವ ತಪ್ಪುಗಳಲ್ಲಿ ಒಂದಷ್ಟು ವರ್ನ್‌ನದಲ್ಲ, ಪಾದ್ರಿಯದು. ಎಲ್ಲರೂ ವಾಲ್ಟರ್ ಪ್ರತಿಗೆ ಬನ್ನಿ. ಸಂಗ್ರಹಗಳನ್ನು ಎಸೆಯಬೇಕಾಗಿಲ್ಲ. ವಾರ ತಪ್ಪಿಸಿದವರು ಕತೆ ಎಲ್ಲಿಗೆ ಬಂತು ಎಂದು ನೋಡಿಕೊಳ್ಳುವುದಕ್ಕೆ ಅವು ಸಾಕು.

ಇನ್ನು ಮಾಷ್ಟ್ರು ಮತ್ತು ಪೋಸ್ಟ್ ಮಾಸ್ಟರ ಜಗಳ. ಇಬ್ಬರೂ ಅರ್ಧ ಸರಿ.

ಭವಿಷ್ಯ ನುಡಿದದ್ದು ಎಂಬ ಮಾತನ್ನು ಬಿಡುವುದೇ ಒಳ್ಳೆಯದು. ಕಾದಂಬರಿ ಪ್ಯಾರಿಸಿನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು 1869ರ ಮಾರ್ಚಿಯಿಂದ 1870ರ ಜೂನ್ ವರೆಗೆ. ಅದಕ್ಕೆ ಸುಮಾರು ಎಪ್ಪತ್ತು ವರ್ಷ ಮೊದಲೇ, 1800ರಲ್ಲಿ, ರಾಬರ್ಟ್ ಫುಲ್ಟನ್ ಫ್ರಾನ್ಸಿನಲ್ಲಿ ನೀರೊಳಗೆ ಹೋಗುವ ದೋಣಿಯೊಂದನ್ನು ಪರೀಕ್ಷಿಸಿದ್ದ. ಅದರ ಹೆಸರೂ, ಕಾದಂಬರಿಯ ಹಡಗಿನದರಂತೆ, ನಾಟಿಲಸ್ಸೇ. 1863ರಲ್ಲಿ ಫ್ರೆಂಚ್ ನೌಕಾಪಡೆ ‘ಪ್ಲೊಂಜರ್’ ಎಂಬ ಸಬ್‌ಮರೀನನ್ನು ನೀರಿಗಿಳಿಸಿತು, ಒತ್ತಿ ತುಂಬಿದ ಗಾಳಿಯಿಂದ ಓಡುವಂಥದ್ದು. ಅದರ ಮಾದರಿಯನ್ನು ವರ್ನ್ 1867ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ನೋಡಿದ್ದ. 1864ರಲ್ಲಿ ಅಮೆರಿಕದ ಅಂತರ್ಯುದ್ಧದಲ್ಲಿ ‘ಹನ್ಲೀ’ ಎಂಬ ಸಬ್‌ಮರೀನ್ ಶತ್ರುಹಡಗೊಂದನ್ನು ಮುಳುಗಿಸಿ ತಾನೂ ಮುಳುಗಿತ್ತು. ಅಂದರೆ ವಸ್ತು ಕಣ್ಣೆದುರೇ ಇತ್ತು. ವರ್ನ್‌ನ ಹೆಚ್ಚುಗಾರಿಕೆ, ಇಡೀ ಹಡಗನ್ನು ವಿದ್ಯುತ್ತಿನ ಮೇಲೆ ನಡೆಸಿದ್ದರಲ್ಲಿದೆ: ಬೆಳಕು, ಅಡುಗೆ, ಯಂತ್ರ, ಗಡಿಯಾರ ಎಲ್ಲವೂ. ವಿದ್ಯುತ್ ಎಲ್ಲಿಂದ? ಸಮುದ್ರದ ಉಪ್ಪುನೀರಿನಿಂದ ತೆಗೆದ ಸೋಡಿಯಮ್ ಹಾಕಿದ ಬ್ಯಾಟರಿಯಿಂದ ಎನ್ನುತ್ತಾನೆ ನೆಮೊ. ನಮ್ಮ ಪ್ಲಸ್ ಟು ರಸಾಯನಶಾಸ್ತ್ರಕ್ಕೆ ಅಲ್ಲಿ ಒಳ್ಳೆಯ ಕೆಲಸವಿದೆ. ಇದು ಆಗುವ ಮಾತೋ, ಎಲ್ಲಿ ತೊಡಕು ಎಂದು ಹುಡುಗರಿಬ್ಬರು ಒಂದು ವಾರ ತಲೆಕೆಡಿಸಿಕೊಳ್ಳಲಿ.

ತಪ್ಪುಗಳು ಇಲ್ಲವೇ? ಬೇಕಾದಷ್ಟಿವೆ. ಅದಕ್ಕೂ ಮೊದಲು ಒಂದು ಗೊಂದಲ ಬಿಡಿಸಿಬಿಡಿ. ಇಪ್ಪತ್ತು ಸಾವಿರ ಲೀಗ್ ಎಂದರೆ ಆಳ ಎಂದುಕೊಂಡವರೇ ಹೆಚ್ಚು. ಒಂದು ಫ್ರೆಂಚ್ ಲೀಗಿಗೆ ನಾಲ್ಕು ಕಿಲೋಮೀಟರ್, ಒಟ್ಟು 80,000 ಕಿ.ಮೀ. ಭೂಮಿಯ ವ್ಯಾಸವೇ 12,700 ಕಿ.ಮೀ. ಚಿಲ್ಲರೆ. ಆಳವಾಗಿದ್ದರೆ ನಾಟಿಲಸ್ ಆ ಕಡೆಯಿಂದ ಹೊರಬಿದ್ದು ಚಂದ್ರನ ದಾರಿ ಹಿಡಿಯಬೇಕಿತ್ತು. ಅದು ನೀರಿನೊಳಗೆ ಕ್ರಮಿಸಿದ ದೂರ. ಆದರೆ ಆಳದಲ್ಲೂ ವರ್ನ್ ಎಡವಿದ್ದಾನೆ: ಸಾರ್ಗಾಸೊ ಸಮುದ್ರದ ಅಧ್ಯಾಯದಲ್ಲಿ ಹಡಗನ್ನು 16,000 ಮೀಟರ್ ಕೆಳಗಿಳಿಸುತ್ತಾನೆ. ಸಮುದ್ರದ ಅತ್ಯಂತ ಆಳದ ಜಾಗ ಸುಮಾರು 11,000 ಮೀಟರ್ ಮಾತ್ರ. ಹಾಗೆಯೇ ದಕ್ಷಿಣ ಧ್ರುವಕ್ಕೆ ಹಿಮದ ಅಡಿಯಿಂದ ಈಜಿಸಿಕೊಂಡು ಹೋಗುತ್ತಾನೆ. ಅಲ್ಲಿರುವುದು ದಪ್ಪ ಹಿಮ ಹೊದ್ದ ಖಂಡ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಅಮುಂಡ್ಸೆನ್ ಅಲ್ಲಿ ಕಾಲಿಟ್ಟದ್ದು 1911ರ ಡಿಸೆಂಬರ್ 14ರಂದು.

ಇದೇ ಧ್ರುವದ ಅಧ್ಯಾಯವನ್ನು ಮಾಷ್ಟ್ರ ಕೈಗೆ ಕೊಡಿ. ಹಡಗು ಅಲ್ಲಿಗೆ ತಲುಪಿದ್ದು ಮಾರ್ಚಿಯಲ್ಲಿ. ಮಂಜು ಮುಸುಕಿ ಸೂರ್ಯ ಕಾಣುವುದಿಲ್ಲ. 21ರಂದು ವಿಷುವ, ಅದು ದಾಟಿದರೆ ಆರು ತಿಂಗಳು ಸೂರ್ಯನೇ ಇಲ್ಲ. ಆ ದಿನ ನೆಮೊ ದುರ್ಬೀನು ಹಿಡಿದು ನಿಲ್ಲುತ್ತಾನೆ, ಕತೆ ಹೇಳುವ ಪ್ರೊಫೆಸರ್ ಅರೋನಾಕ್ಸ್ ಕೈಯಲ್ಲಿ ಗಡಿಯಾರ. ಸರಿಯಾಗಿ ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯಬಿಂಬದ ಅರ್ಧ ಕ್ಷಿತಿಜದ ಮೇಲೆ, ಅರ್ಧ ಕೆಳಗೆ ಇದ್ದರೆ ತಾವು ನಿಂತದ್ದು ಧ್ರುವದಲ್ಲೇ. ಭೂಗೋಳ ತಪ್ಪು, ತರ್ಕ ಸರಿ. ಒಂದು ಚೆಂಡು, ಒಂದು ಟಾರ್ಚ್ ಇಟ್ಟುಕೊಂಡು ಮಾಷ್ಟ್ರು ಅದನ್ನು ಹತ್ತು ನಿಮಿಷದಲ್ಲಿ ತೋರಿಸಬಹುದು. “ಇದು ತಪ್ಪು” ಎಂದು ಮೂಲೆಯಲ್ಲಿ ಕುಳಿತು ಹೇಳುವವರಿಗೆ “ಎಲ್ಲಿ, ಎಷ್ಟು, ಯಾಕೆ ತಪ್ಪಿತು ಎಂದು ಹುಡುಕಿ ಹೇಳಿ” ಎಂದು ಅಧಿಕಾರ ಕೊಟ್ಟರೆ ಅವರ ಉಮೇದೇ ಬೇರೆ. ಒಂದು ಅಪಾಯ ಉಂಟು: ಮಾಷ್ಟ್ರು ಕ್ಲಾಸ್ ತೆಗೆದುಕೊಳ್ಳಲು ಶುರು ಮಾಡುತ್ತಾರೆ. ಹದಿನೈದು ನಿಮಿಷಕ್ಕೆ ಗಂಟೆ ಬಾರಿಸಲು ಒಬ್ಬ ಹುಡುಗನನ್ನು ನೇಮಿಸಿ. ಶಿಷ್ಯ ಬಾರಿಸಿದರೆ ಮಾಷ್ಟ್ರಿಗೂ ಸಿಟ್ಟು ಬರುವುದಿಲ್ಲ.

ಈಗ ಮೀನಿನ ಪಟ್ಟಿ. ಪ್ರೊಫೆಸರನ ಆಳು ಕೋನ್ಸೆಯ್‌ಗೆ ಮೀನು ಕಂಡರೆ ವರ್ಗ, ಗಣ, ಕುಟುಂಬ ಎಲ್ಲ ಬಾಯಿಪಾಠ, ಆದರೆ ಕಣ್ಣೆದುರಿನ ಮೀನನ್ನು ಗುರುತಿಸಲಾರ. ಈಟಿಗಾರ ನೆಡ್ ಲ್ಯಾಂಡ್‌ಗೆ ಶಾಸ್ತ್ರ ಗೊತ್ತಿಲ್ಲ, ಮೀನು ಗೊತ್ತು. ಅವನ ಪ್ರಕಾರ ಮೀನಿನಲ್ಲಿ ಎರಡೇ ಜಾತಿ: ತಿನ್ನುವಂಥದ್ದು, ತಿನ್ನಲಾಗದ್ದು. ವರ್ನ್ ಇದನ್ನು ನಗಿಸಲೆಂದೇ ಬರೆದದ್ದು, ಒಬ್ಬೊಬ್ಬರೇ ಮನೆಯಲ್ಲಿ ಓದಿದಾಗ ಆ ನಗು ಸತ್ತುಹೋಗುತ್ತದೆ. ನಿಮ್ಮ ಕೂಟದಲ್ಲಿ ಮಾತೇ ಆಡದ ಕಡಪ್ಪುರದ ಅಣ್ಣನ ಸರದಿ ಬರುವುದು ಇಲ್ಲಿ. ಪಟ್ಟಿಯಲ್ಲಿ ಬಂದದ್ದರಲ್ಲಿ ಬಂಗುಡೆಯ ಜಾತಿಯದು ಯಾವುದು, ತೊರಕೆ ಯಾವುದು, ತಾಟೆ ಯಾವುದು, ಇದೇ ಮೀನಿಗೆ ಮಲಯಾಳದವರು ಏನೆನ್ನುತ್ತಾರೆ, ಯಾವುದು ಯಾವ ತಿಂಗಳು ಬಲೆಗೆ ಬೀಳುತ್ತದೆ ಎಂದು ಅವರು ಹೇಳಲಿ. ಹುಡುಗರು ಮೊಬೈಲಿನಲ್ಲಿ ಚಿತ್ರ ತೆಗೆದು ತೋರಿಸಿದರೆ ಸಾಕು. ಎಲ್ಲ ಪಟ್ಟಿಗೂ ಇದು ಬೇಡ, ಹಿಂದೂ ಮಹಾಸಾಗರದ ಅಧ್ಯಾಯಕ್ಕೆ ಮಾಡಿ. ಉಳಿದ ಪಟ್ಟಿಗಳನ್ನು ಕಣ್ಣಾಡಿಸಿ ದಾಟಿ. ದಾಟಿದರೆ ಪಾಪ ಬರುವುದಿಲ್ಲ.

ಒಂದು ಪಟ್ಟಿಯನ್ನು ಮಾತ್ರ ದಾಟಬೇಡಿ. ಕೆಂಪು ಸಮುದ್ರದಿಂದ ಮೆಡಿಟರೇನಿಯನ್‌ಗೆ ನೆಲದಡಿಯಲ್ಲಿ ಒಂದು ಸುರಂಗ ಇದೆ ಎಂದು ನೆಮೊಗೆ ಅನುಮಾನ ಬಂದದ್ದು ಮೀನಿನಿಂದ. ಎರಡೂ ಸಮುದ್ರಗಳಲ್ಲಿ ಒಂದೇ ಜಾತಿಯ ಮೀನುಗಳು ಇದ್ದುವು. ಸುಯೆಜ್ ಬಳಿ ಒಂದಷ್ಟು ಮೀನು ಹಿಡಿದು, ಬಾಲಕ್ಕೆ ತಾಮ್ರದ ಬಳೆ ತೊಡಿಸಿ ಬಿಟ್ಟ. ಕೆಲವು ತಿಂಗಳ ಮೇಲೆ ಸಿರಿಯಾ ಕರಾವಳಿಯಲ್ಲಿ ಬಳೆ ತೊಟ್ಟ ಮೀನು ಬಲೆಗೆ ಬಿತ್ತು. ಸುರಂಗ ವರ್ನ್‌ನ ಕಲ್ಪನೆ. ಆದರೆ ಮೀನಿಗೆ ಗುರುತು ಕಟ್ಟಿ ಬಿಟ್ಟು ಅದರ ದಾರಿ ಪತ್ತೆ ಹಚ್ಚುವ ಕ್ರಮವನ್ನು ಇಂದಿನ ಮೀನುಗಾರಿಕಾ ವಿಜ್ಞಾನಿಗಳೂ ಬಳಸುತ್ತಾರೆ. ಇನ್ನೊಂದು ಸ್ವಾರಸ್ಯ: ಧಾರಾವಾಹಿ ಇನ್ನೂ ನಡೆಯುತ್ತಿದ್ದಾಗಲೇ, 1869ರ ನವೆಂಬರ್ 17ರಂದು, ನಿಜವಾದ ಸುಯೆಜ್ ಕಾಲುವೆ ತೆರೆಯಿತು. ಇಂಥ ಜಾಗದಲ್ಲಿ ‘ವೈಜ್ಞಾನಿಕ ಕಾದಂಬರಿ’ ಎಂಬುದು ಏನು ಮಾಡುತ್ತದೆ ಎಂದು ಕಣ್ಣಿಗೆ ಕಾಣುತ್ತದೆ: ಗೊತ್ತಿದ್ದ ಸಂಗತಿಯಿಂದ ಹೊರಟು, ಒಂದು ಊಹೆ ಹೂಡಿ, ಅದನ್ನು ಪರೀಕ್ಷೆಗೆ ಒಡ್ಡಿ ನೋಡುತ್ತದೆ. ಸಂಗ್ರಹ ಮಾಡುವವರು ಮೊದಲು ಕತ್ತರಿ ಹಾಕುವುದೂ ಇಂಥ ಕಡೆಗೇ. ಯಾಕೆಂದರೆ ಇಲ್ಲಿ ಹೊಡೆದಾಟ ಇಲ್ಲ.

ನಿಮ್ಮ ಊರಿಗೂ ಈ ಪುಸ್ತಕಕ್ಕೂ ಏನು ಸಂಬಂಧ ಎಂದು ಎದ್ದುಹೋದವರು ಕೇಳಿದ್ದರೆ, ಅವರಿಗೊಂದು ನಕಾಶೆ ತೋರಿಸಿ. 1868ರ ಜನವರಿ ಕೊನೆಯಲ್ಲಿ ನಾಟಿಲಸ್ ಸಿಲೋನನ್ನು ಬಿಟ್ಟು ಮಾಲ್ಡೀವ್ಸ್ ಮತ್ತು ಲಕ್ಷದ್ವೀಪಗಳ ನಡುವೆ ನುಸುಳುತ್ತದೆ, ಕಿಲ್ತಾನ್ ದ್ವೀಪದ ಅಂಚಿನಲ್ಲೇ ಹಾದುಹೋಗುತ್ತದೆ. ಕಾದಂಬರಿಯಲ್ಲಿ ಅದರ ಹೆಸರು ‘ಕಿಟ್ಟಾನ್’. ಈ ಕಿಲ್ತಾನ್, ಅಮಿನಿ, ಕಡಮತ್, ಚೆತ್ಲಾತ್ ದ್ವೀಪಗಳು ಆಗ ಮಂಗಳೂರಿನಿಂದ ಆಳುತ್ತಿದ್ದ ದಕ್ಷಿಣ ಕನ್ನಡ ಜಿಲ್ಲೆಯವು. 1956ರ ನವೆಂಬರ್ 1ರ ತನಕವೂ ಹಾಗೇ ಇತ್ತು. ಅದೇ ದಿನ ಕಾಸರಗೋಡೂ ಆ ಜಿಲ್ಲೆಯಿಂದ ಬೇರೆಯಾಗಿ ಕೇರಳ ಸೇರಿತು. ಅಂದರೆ ನೆಮೊ ಹಾದುಹೋದದ್ದು ಕುಂಬಳೆಯದೇ ಜಿಲ್ಲೆಯ ನೀರಿನಲ್ಲಿ. ಪುಸ್ತಕದಲ್ಲಿ ಇದು ಒಂದೆರಡು ಸಾಲು ಮಾತ್ರ, ಓದುವವನ ಕಣ್ಣು ತಪ್ಪಿ ಹೋಗುವಂಥದ್ದು. ಗೋಡೆಗೆ ಒಂದು ಭೂಪಟ ಅಂಟಿಸಿ ಪ್ರತಿವಾರ ಹಡಗಿನ ದಾರಿಯನ್ನು ಗೆರೆ ಎಳೆಯುವ ಕೆಲಸವನ್ನು ಪೋಸ್ಟ್ ಮಾಸ್ಟರಿಗೆ ವಹಿಸಿ. ವಿಳಾಸ ಹುಡುಕುವುದರಲ್ಲಿ ಅವರನ್ನು ಮೀರಿಸುವವರು ಇಲ್ಲ.

ಟಿಪ್ಪು ವಿಷಯಕ್ಕೆ ಬರುತ್ತೇನೆ. ಹೇಳಿದವರು ಸುಳ್ಳು ಹೇಳಿಲ್ಲ, ಆದರೆ ನೀವು ಓದುತ್ತಿರುವ ಪುಸ್ತಕದಲ್ಲಿ ಅದು ಇಲ್ಲ. ಇದರಲ್ಲಿ ನೆಮೊ ಯಾರು, ಯಾವ ದೇಶದವನು ಎಂಬುದು ಕೊನೆಯವರೆಗೂ ಬಯಲಾಗುವುದಿಲ್ಲ. ವರ್ನ್ ಮೊದಲು ಅವನನ್ನು ರಷ್ಯನ್ನರ ಕೈಯಲ್ಲಿ ಸಂಸಾರ ಕಳೆದುಕೊಂಡ ಪೋಲೆಂಡಿನವನಾಗಿ ಎಣಿಸಿದ್ದ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ, ಗುಟ್ಟು ಗುಟ್ಟಾಗಿಯೇ ಉಳಿಯಿತು. 1874–75ರಲ್ಲಿ ಬಂದ ‘ದ ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ ಮಾತ್ರ ಅವನು ಬುಂದೇಲಖಂಡದ ರಾಜಕುಮಾರ ದಕ್ಕರ್, ಟಿಪ್ಪುವಿನ ಸಂಬಂಧಿಕ, 1857ರ ದಂಗೆಯಲ್ಲಿ ಹೋರಾಡಿ ಮನೆಮಂದಿಯನ್ನು ಕಳಕೊಂಡವನು ಎಂದು ಬರುತ್ತದೆ. ಆ ಪುಸ್ತಕದ ಪ್ರಕಾರ ದಕ್ಕರ್ 1849ರಲ್ಲಿ ಸುಮಾರು ಮೂವತ್ತರವನು. ಟಿಪ್ಪು ಸತ್ತದ್ದು 1799ರಲ್ಲಿ, ಅಂದರೆ ದಕ್ಕರ್ ಹುಟ್ಟುವ ಸುಮಾರು ಇಪ್ಪತ್ತು ವರ್ಷ ಮೊದಲು. ಮೈಸೂರಿನ ಸುಲ್ತಾನನಿಗೂ ಬುಂದೇಲಖಂಡದ ರಾಜಮನೆತನಕ್ಕೂ ನೆಂಟಸ್ತಿಕೆ ಎಲ್ಲಿಂದ ಬಂತು ಎಂದು ಕೇಳಿದರೆ ವರ್ನ್ ಬಳಿ ಉತ್ತರವಿಲ್ಲ. ಯುರೋಪಿನ ಓದುಗರಿಗೆ ಬ್ರಿಟಿಷರ ವೈರಿ ಎಂದರೆ ನೆನಪಾಗುತ್ತಿದ್ದ ಹೆಸರು ಅದು, ತಂದು ಅಂಟಿಸಿದ. ಎರಡು ಕಾದಂಬರಿಗಳ ಇಸವಿಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ.

ಒಮ್ಮೆ ಟಿಪ್ಪುವಿನ ಕೈಯಲ್ಲಿದ್ದ ಬೇಕಲ ಕೋಟೆ ಹತ್ತಿರವೇ ಇರುವ ನಮ್ಮೂರುಗಳಲ್ಲಿ ಟಿಪ್ಪು ಎಂದರೆ ಎರಡೂ ಕಡೆ ಮಾತು ಬಿಸಿಯಾಗುತ್ತದೆ. ಆ ಚರ್ಚೆ ಬೇಡ ಎನ್ನುವವಳಲ್ಲ ನಾನು. ಅದು ಬೇರೆ ದಿನ, ಬೇರೆ ಪುಸ್ತಕ ಇಟ್ಟುಕೊಂಡು ನಡೆಯಲಿ. ಈ ಕೂಟಕ್ಕೆ ಒಂದೇ ನಿಯಮ: ಈ ಪುಸ್ತಕದ ಪುಟ ತೋರಿಸಲಾಗದ ಮಾತು ಈ ಸಂಜೆ ಬೇಡ. ಗುಟ್ಟು ಒಡೆದುಹೋಯಿತಲ್ಲ ಎಂಬ ಬೇಸರವೂ ಬೇಡ. ಈಗ ಎರಡನೇ ಭಾಗದ ಮುತ್ತಿನ ಅಧ್ಯಾಯವನ್ನು ಓದಿ. ಸಿಲೋನಿನ ಕಡಲಲ್ಲಿ ಮುತ್ತು ಹೆಕ್ಕಲು ಮುಳುಗಿದ ಬಡವನೊಬ್ಬನ ಮೇಲೆ ಶಾರ್ಕ್ ಎರಗುತ್ತದೆ. ನೆಮೊ ಕಠಾರಿ ಹಿಡಿದು ಅದರ ಮೇಲೆ ಬೀಳುತ್ತಾನೆ, ನೆಡ್‌ನ ಈಟಿ ಇಬ್ಬರನ್ನೂ ಉಳಿಸುತ್ತದೆ. ಮೇಲೆ ತಂದು ಉಸಿರು ಬರಿಸಿದ ಮೇಲೆ ನೆಮೊ ಅವನ ಕೈಯಲ್ಲಿ ಮುತ್ತಿನ ಚೀಲ ಇಟ್ಟು ಹೊರಟುಬಿಡುತ್ತಾನೆ. ಮನುಷ್ಯರ ಸಹವಾಸವೇ ಬೇಡ ಎಂದವನು ಯಾಕೆ ಹೀಗೆ ಮಾಡಿದ ಎಂದು ಪ್ರೊಫೆಸರ್ ಕೇಳಿದರೆ, ಆ ಬಡವ ತುಳಿಸಿಕೊಂಡವರ ನಾಡಿನವನು, ಉಸಿರಿರುವ ತನಕ ತಾನೂ ಆ ನಾಡಿನವನೇ ಎನ್ನುತ್ತಾನೆ. ಮುಂದಿನ ಪುಸ್ತಕ ಗೊತ್ತಿದ್ದವರಿಗೆ ಆ ಮಾತು ಇನ್ನೂ ಗಟ್ಟಿಯಾಗಿ ಕೇಳಿಸುತ್ತದೆ.

ಹಾಗಾದರೆ ಮುಂದಿನ ದಾರಿ? ಸಂಗ್ರಹ ಓದಿ ಮುಗಿಸುವುದು ಸುಲಭ, ಮೂರು ವಾರದ ಕೆಲಸ. ಆದರೆ ಅದರಲ್ಲಿ ಉಳಿಯುವುದು ದೈತ್ಯ ಸ್ಕ್ವಿಡ್ ಜೊತೆಗಿನ ಕಾಳಗ ಮಾತ್ರ, ಅದನ್ನು ಹುಡುಗರು ಸಿನಿಮಾದಲ್ಲಿ ನೋಡಿಯಾಗಿದೆ. ಪೂರ್ತಿ 47 ಅಧ್ಯಾಯ ಕೂಟದಲ್ಲೇ ಗಟ್ಟಿಯಾಗಿ ಓದುತ್ತೇವೆ ಎಂದರೆ ಮುಂದಿನ ಬೇಸಿಗೆಯ ಪತ್ತನಾಜೆ, ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ದಿನ, ಬಂದರೂ ಮುಗಿಯದು. ನಾನು ಹೇಳುವುದು ನಡುವಿನದು. ಎರಡನೇ ಭಾಗದ ಆರಂಭದಿಂದ ಹೊಸದಾಗಿ ಹೊರಡಿ, ಮೊದಲ ಭಾಗದ ಕತೆಯನ್ನು ಒಬ್ಬರು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸಲಿ. ಮುತ್ತು, ಸುಯೆಜ್ ಸುರಂಗ, ತಿಮಿಂಗಿಲಗಳು, ಧ್ರುವ, ಹಿಮದಡಿ ಗಾಳಿ ಮುಗಿಯುವ ಅಧ್ಯಾಯ, ಯುದ್ಧನೌಕೆಯನ್ನು ಮುಳುಗಿಸುವುದು, ಇಷ್ಟನ್ನು ಕೂಟದಲ್ಲಿ ಓದಿ. ಉಳಿದದ್ದು ಮನೆಯ ಓದು. ಗಾಳಿ ಮುಗಿಯುವ ಅಧ್ಯಾಯವನ್ನು ದಯವಿಟ್ಟು ಒಬ್ಬರೇ ಒಂದೇ ಉಸಿರಿಗೆ ಓದಬೇಕು, ನಡುವೆ ಚಹಾ ಬೇಡ.

ಭಾಷೆ: ಒಬ್ಬರು ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಓದುವುದು, ಇನ್ನೊಬ್ಬರು ಕೂಡಲೇ ಕನ್ನಡದಲ್ಲಿ ಹೇಳುವುದು. ವಾಚನ, ವ್ಯಾಖ್ಯಾನ ನಮಗೆ ಹೊಸತಲ್ಲ. ಮಾತುಕತೆ ತುಳುವಿನಲ್ಲಾಗಲಿ, ಹವ್ಯಕದಲ್ಲಾಗಲಿ, ಮಲಯಾಳದಲ್ಲಾಗಲಿ, ತಡೆಯಬೇಡಿ. ಆದರೆ ಕತೆ ಎಲ್ಲರ ಕಿವಿಗೂ ಕನ್ನಡದಲ್ಲಿ ಬೀಳಲಿ. ಮಲಯಾಳಂ ಮಾಧ್ಯಮದ ಹುಡುಗರಿಗೆ ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ತಡವರಿಸುತ್ತಾರೆ. ಎಲ್ಲರೆದುರು ದಿಢೀರನೆ ಪುಸ್ತಕ ಕೊಟ್ಟು “ಓದು ಮಗಾ” ಎಂದರೆ ಮುಂದಿನ ವಾರ ಅವರು ಬರುವುದಿಲ್ಲ. ಒಂದು ಪುಟವನ್ನು ವಾರದ ಮೊದಲೇ ಕೊಟ್ಟು ಕಳುಹಿಸಿ. ಈ ಕ್ರಮದ ತೊಂದರೆ ಎಂದರೆ ವ್ಯಾಖ್ಯಾನ ಹೇಳುವವರೇ ಕೊನೆಗೆ ಕಾದಂಬರಿಕಾರರಾಗಿಬಿಡುತ್ತಾರೆ. ವಾರಕ್ಕೊಬ್ಬರಂತೆ ಬದಲಿಸಿ.

ಅಭಿಪ್ರಾಯ ಹೇಳುವ ಸುತ್ತನ್ನು ಪೂರ್ತಿ ಬಿಟ್ಟುಬಿಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು ನಿಮ್ಮದು. ವೇಷವಿಲ್ಲದೆ ಕುಳಿತು, ಪಾತ್ರವಾಗಿ ಮಾತು ಹೂಡಿ ಅರ್ಥ ಹೇಳುವ ತಾಳಮದ್ದಲೆ ಕೇಳದವರು ಕೂಟದಲ್ಲಿ ಯಾರಿದ್ದಾರೆ? ತಿಮಿಂಗಿಲದ ಅಧ್ಯಾಯದಲ್ಲಿ ನೆಡ್ ಬೇಟೆಗೆ ಅಪ್ಪಣೆ ಕೇಳುತ್ತಾನೆ. ಕೊಲ್ಲುವ ಖುಷಿಗಾಗಿ ಕೊಲ್ಲುವುದು ಬೇಡ ಎಂದು ನೆಮೊ ತಡೆಯುತ್ತಾನೆ. ತುಸು ಹೊತ್ತಿನಲ್ಲೇ ಇನ್ನೊಂದು ಜಾತಿಯ ತಿಮಿಂಗಿಲಗಳನ್ನು, ಅವು ಕ್ರೂರ ಎಂಬ ಕಾರಣ ಕೊಟ್ಟು, ಹಡಗಿನ ಮೂತಿಯಿಂದ ಸೀಳಿ ಸೀಳಿ ಸಮುದ್ರವನ್ನೇ ಕೆಂಪು ಮಾಡುತ್ತಾನೆ. ಒಬ್ಬರು ನೆಮೊ, ಒಬ್ಬರು ನೆಡ್, ಒಬ್ಬರು ಯಾರ ಪಕ್ಷ ಹಿಡಿಯಬೇಕೆಂದು ತಿಳಿಯದ ಪ್ರೊಫೆಸರ್. ಇಪ್ಪತ್ತು ನಿಮಿಷ ಅರ್ಥ ಹೇಳಲಿ. ಪದ್ಯದ ಜಾಗದಲ್ಲಿ ಕಾದಂಬರಿಯ ನಾಲ್ಕು ಸಾಲು. ಪುರಾಣದಿಂದ ಎತ್ತಿಕೊಂಡು ಬಂದು ಎದುರಾಳಿಯ ಬಾಯಿ ಮುಚ್ಚಿಸುವ ಚಾಳಿ ನಮ್ಮಲ್ಲಿ ಕೆಲವರಿಗೆ ಇದೆ, ಅಲ್ಲಿ ಮಾತ್ರ ನೀವು ಗಟ್ಟಿಯಾಗಿ ನಿಲ್ಲಬೇಕು: ಉದಾಹರಣೆ ಪುಸ್ತಕದ ಒಳಗಿನಿಂದಲೇ ಬರಲಿ. ಎದ್ದುಹೋದ ಇಬ್ಬರನ್ನು ಕರೆತರಲು ನನಗೆ ತೋಚುವ ದಾರಿಯೂ ಇದೇ. ಒಬ್ಬರಿಗೆ ನೆಮೊನ ಅರ್ಥ, ಇನ್ನೊಬ್ಬರಿಗೆ ನೆಡ್‌ನ ಅರ್ಥ ಎಂದು ಮನೆಗೇ ಹೋಗಿ ಹೇಳಿ ಬನ್ನಿ. ಫೋನಿನಲ್ಲಿ ಬೇಡ. ವಾದ ಮಾಡುವ ಉತ್ಸಾಹ ಇಬ್ಬರಲ್ಲೂ ಇದೆ ಎಂಬುದು ಗೊತ್ತಾಗಿದೆಯಲ್ಲ.

ಕಡೆಯದಾಗಿ ಸಮಯದ ಲೆಕ್ಕ. ದೀಪಾವಳಿ ಕಳೆದರೆ ಯಕ್ಷಗಾನ ಮೇಳಗಳು ಹೊರಡುತ್ತವೆ, ಅಡಕೆ ಕೊಯ್ಲು ಶುರುವಾಗುತ್ತದೆ, ಶನಿವಾರ ಸಂಜೆ ನಿಮಗೆ ಜನ ಸಿಗುವುದಿಲ್ಲ. ಅಷ್ಟರೊಳಗೆ ಮುಗಿಯುವಂತೆ ವಾರಗಳನ್ನು ಈಗಲೇ ಹಂಚಿ ಬೋರ್ಡಿನಲ್ಲಿ ಬರೆದುಬಿಡಿ. ತಿಮಿಂಗಿಲದ ಅಧ್ಯಾಯ ಮುಗಿದ ಮೇಲೂ ಐದೇ ಮಂದಿ ಎಂದಾದರೆ ಧೈರ್ಯವಾಗಿ ನಿಲ್ಲಿಸಿ, ಆ ಐದು ಮಂದಿ ಬೇಕಾದರೆ ಮನೆಯಲ್ಲಿ ಓದಿ ಮುಗಿಸಲಿ. ‘ಮಿಸ್ಟೀರಿಯಸ್ ಐಲ್ಯಾಂಡ್’ ಕೈಗೆತ್ತಿಕೊಳ್ಳುವ ಆಸೆ ಹುಟ್ಟಿದರೆ, ಹೆಚ್ಚಾಗಿ ಸಿಗುವ ಕಿಂಗ್‌ಸ್ಟನ್ ಹೆಸರಿನ ಹಳೆಯ ಇಂಗ್ಲಿಷ್ ಅನುವಾದವನ್ನು ನಂಬಬೇಡಿ. ನೆಮೊ ಬ್ರಿಟಿಷರ ವಿರುದ್ಧ ಆಡುವ ಮಾತುಗಳನ್ನು ಅದರಲ್ಲಿ ತಿದ್ದಿದ್ದಾರೆ.